ಬಾಗಿಲು ಮುಚ್ಚಿ ನೋಡಿ, ಮಾಮ

ಡ್ರೈವಿಂಗ್ ಟೆಸ್ಟ್ ಇದ್ದದ್ದು ಮೂರು ಗಂಟೆಗೆ. ಒಂದೂವರೆಯಾದರೂ ಕಾರಿನ ಬಾಗಿಲಿನ ಒಳಹೊದಿಕೆ ಅಂಗಳದಲ್ಲಿ ಅಂಗಾತ ಬಿದ್ದಿತ್ತು.

ಇಪ್ಪತ್ತಾರು ತುಂಬಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಎರಡು ಸಲ ಫೇಲಾಗಿದ್ದಳು. ಲರ್ನಿಂಗ್ ಲೈಸೆನ್ಸಿನ ಅವಧಿ ನಾಳೆಗೆ ಮುಗಿಯುತ್ತಿತ್ತು. ಇವತ್ತು ತಪ್ಪಿದರೆ ಅರ್ಜಿಯಿಂದ ಹಿಡಿದು ಎಲ್ಲವೂ ಮೊದಲಿನಿಂದ. ಟೆಸ್ಟ್ ಮಾಡುವ ಅಧಿಕಾರಿಯೋ ಮಹಾ ಕಟ್ಟುನಿಟ್ಟು. ದೀಪ, ಹಾರ್ನು, ಗಾಜು ಎಲ್ಲವನ್ನೂ ಮಾಡಿಸಿ ನೋಡುವವನು. ಆಮೇಲೆ ಕಿಟಕಿಯಿಂದ ಕೈ ಚಾಚಿ ತಿರುವು ತೋರಿಸಬೇಕು. ಡ್ರೈವರ್ ಪಕ್ಕದ ಗಾಜು ಮಾತ್ರ ಬೆಳಗ್ಗೆಯಿಂದ ಜಪ್ಪಯ್ಯ ಅಂದರೂ ಇಳಿದಿರಲಿಲ್ಲ.

"ಮೆಕ್ಯಾನಿಕ್ ಹತ್ರ ಹೋಗೋಣ ಅಂದ್ರೆ ಕೇಳಲ್ವಲ್ಲ ಮಾಮ."

"ಅವನಿಗೆ ಕೊಟ್ರೆ ಬಾಗಿಲೇ ಬದಲಾಯಿಸು ಅಂತಾನೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದೀನಿ ಕಣೇ. ಇದೇನು ಮಹಾ?"

ಮಾಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದ. ಮೊದಲು ಫ್ಯೂಸ್ ತೆಗೆದು ಬಿಸಿಲಿಗೆ ಹಿಡಿದ. ಸುಟ್ಟಿರಲಿಲ್ಲ. ಆಮೇಲೆ ಸ್ವಿಚ್ಚು ಬಿಚ್ಚಿ, ಒರೆಸಿ, ಮತ್ತೆ ವೈರಿಗೆ ಸಿಕ್ಕಿಸಿದ. ತೆರೆದ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಒತ್ತಿದ. ಗಾಜು ಸುಯ್ಯನೆ ಇಳಿಯಿತು, ಸುಯ್ಯನೆ ಏರಿತು.

"ಆಯ್ತಲ್ಲ! ಹತ್ತು."

ಪುಟ್ಟಿ ಹತ್ತಿ, ಬಾಗಿಲು ಎಳೆದುಕೊಂಡು ಒತ್ತಿದಳು. ಗಾಜು ಮಿಸುಕಲಿಲ್ಲ.

ಬಾಗಿಲು ಮತ್ತೆ ತೆರೆಯಿತು. ಮೋಟಾರಿನ ಸ್ಕ್ರೂ ಬಿಗಿಯಾಯಿತು, ಗಾಜು ಓಡುವ ತೋಡಿಗೆ ಗ್ರೀಸ್ ಬಿತ್ತು. ಮಾಮ ಒತ್ತಿದ, ಇಳಿಯಿತು, ಏರಿತು. ಪುಟ್ಟಿ ಬಾಗಿಲು ಮುಚ್ಚಿಕೊಂಡು ಒತ್ತಿದಳು. ಊಹೂಂ.

"ನನ್ನ ಕೈಗೆ ಬಗ್ಗುತ್ತೆ, ನಿನ್ನ ಕೈಗಿಲ್ಲ. ನಿನ್ನ ಕೈಗುಣವೇ ಸರಿಯಿಲ್ಲ ನೋಡು."

ಮೂರನೇ ಸಲವೂ ಹಾಗೇ ಆದಾಗ ಗಂಟೆ ಎರಡು ಹೊಡೆಯಿತು. ಪುಟ್ಟಿಗೆ ಸ್ಟೀರಿಂಗಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಆಗಲೇ ಅವಳಿಗೆ ಹೊಳೆದದ್ದು.

"ಮಾಮ, ನೀವು ಒಂದ್ಸಲನಾದ್ರೂ ಬಾಗಿಲು ಮುಚ್ಚಿ ನೋಡಿದ್ರಾ?"

"ಮುಚ್ಚೋದಾ? ಗಡಿಯಾರದ ಬೆನ್ನು ಮುಚ್ಚೋದು ಎಲ್ಲಾ ಸರಿಹೋದ್ಮೇಲೆ. ತೆರೆದಿಟ್ಟೇ ನೋಡೋದು ನಮ್ಮ ಪದ್ಧತಿ."

"ಇದು ಗಡಿಯಾರ ಅಲ್ಲ ಮಾಮ! ಕೂತ್ಕೊಳ್ಳಿ ಒಳಗೆ!"

ಅವನ ರಟ್ಟೆ ಹಿಡಿದು ಕೂರಿಸಿ, ಬಾಗಿಲನ್ನು ಧಡಾರನೆ ಹಾಕಿದಳು. ಗಾಜಿನಾಚೆ ಮಾಮನ ಹೆಬ್ಬೆರಳು ಒತ್ತಿತು, ಮತ್ತೆ ಒತ್ತಿತು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಬಾಗಿಲನ್ನು ತುಸು ತೆರೆದು ಒತ್ತಿದ. ಗಾಜು ಇಳಿಯಿತು.

ಮಾಮ ಇಳಿದು ಬಾಗಿಲ ಸಂದಿಗೆ ಬಗ್ಗಿದ. ಕಾರಿನ ಮೈಗೂ ಬಾಗಿಲಿಗೂ ನಡುವೆ ಒಂದು ರಬ್ಬರ್ ಕೊಳವೆ, ವೈರುಗಳೆಲ್ಲ ಅದರೊಳಗೆ. ಕೊಳವೆ ಸರಿಸಿ ಒಂದೊಂದನ್ನೇ ಚಿಮಟದಿಂದ ಎಳೆದ. ಕೆಂಪು ವೈರು ಹೊರಗಿನಿಂದ ಗಟ್ಟಿಮುಟ್ಟು, ಒಳಗೆ ತಾಮ್ರ ತುಂಡಾಗಿತ್ತು. ಬಾಗಿಲು ತೆರೆದಾಗ ತುದಿಗಳು ತಾಗುತ್ತಿದ್ದವು, ಮುಚ್ಚಿದಾಗ ದೂರವಾಗುತ್ತಿದ್ದವು.

"ಕಳ್ಳ ನನ್ಮಗ," ಎಂದ ಮಾಮ. ಯಾರಿಗೆ ಅಂದನೋ.

ಬ್ಯಾಟರಿ ಸಂಪರ್ಕ ತೆಗೆದು, ನಡುವೆ ಬೆರಳುದ್ದದ ಹೊಸ ತಂತಿ ಹೊಸೆದು, ಟೇಪು ಸುತ್ತುವಷ್ಟರಲ್ಲಿ ಎರಡೂ ನಲವತ್ತು. ಮುಚ್ಚಿದ ಬಾಗಿಲಲ್ಲಿ ಗಾಜು ಇಳಿಯಿತು, ಏರಿತು. ಒಳಹೊದಿಕೆ ಕೂರಿಸಲು ಪುರುಸೊತ್ತಿರಲಿಲ್ಲ. ಮಾಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ.

ಟೆಸ್ಟ್ ಮೈದಾನದಲ್ಲಿ ಅಧಿಕಾರಿ ಬೋಳು ತಗಡನ್ನೂ ಜೋತುಬಿದ್ದ ಸ್ವಿಚ್ಚನ್ನೂ ನೋಡಿ ಹುಬ್ಬು ಗಂಟಿಕ್ಕಿದ. "ಏನಮ್ಮಾ ಇದು? ಗಾಜು ಕೆಲಸ ಮಾಡುತ್ತೋ ಇಲ್ವೋ?" ಎನ್ನುತ್ತ ಬಾಗಿಲ ಹಿಡಿಗೆ ಕೈ ಹಾಕಿದ.

"ತೆಗೀಬೇಡಿ ಸಾರ್!" ಹಿಂದಿನಿಂದ ಮಾಮ ಕೂಗಿಕೊಂಡ. "ಯಾವತ್ತೂ ಮುಚ್ಚಿಯೇ ನೋಡ್ಬೇಕು! ಅದೇ ಪದ್ಧತಿ!"

ಪುಟ್ಟಿ ಹಲ್ಲು ಕಚ್ಚಿಕೊಂಡು ಸ್ವಿಚ್ಚು ಒತ್ತಿದಳು. ಗಾಜು ಪೂರ್ತಿ ಇಳಿಯಿತು. ಅಧಿಕಾರಿ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬಲಕ್ಕೆ ಅಂದ. ಅವಳು ಮೊಣಕೈವರೆಗೂ ಕೈ ಹೊರಚಾಚಿ, ಗಾಡಿ ಹೊರಡಿಸಿದಳು.