ಶೇಂಗಾ ಆರಿಸುವ ಕಣ್ಣು

“ಒಳ್ಳೇದು ಈ ಮೊರದಾಗ, ಕೆಟ್ಟದ್ದು ಆ ಮೊರದಾಗ. ಒಂದ ಕಾಳೂ ತಪ್ಪಬಾರದು ಅಮ್ಮಾ. ನೀ ತೋರಿಸಿದ್ದನ್ನ ನೋಡಿ ಅದು ಕಲೀತೈತಿ,” ಎಂದು ಹೇಳಿ ಮಗ ಇಜಾಜ ಹೊಸ ಯಂತ್ರದ ಹಿಂಬದಿಗೆ ಹೋದ.

ಮೋತಿಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಾಶಿಯ ಮುಂದೆ ಕುಳಿತಳು. ಮುಳಗುಂದದ ಈ ವಖಾರಿಯಲ್ಲಿ ಅವಳು ಶೇಂಗಾ ಕಾಳು ಆರಿಸಲು ಹತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಮುರುಟಿದ್ದು, ಒಡೆದದ್ದು, ಬೂಸಲು ಹಿಡಿದದ್ದು ಒಂದು ಕಡೆ. ದುಂಡಗೆ ತುಂಬಿಕೊಂಡದ್ದು ಒಂದು ಕಡೆ. ಈ ಕೆಲಸಕ್ಕೆ ಕಣ್ಣು ಬೇಕೆಂದು ಅವಳಿಗೆ ಅನ್ನಿಸಿದ್ದೇ ಇಲ್ಲ. ಮಣ್ಣಿನೊಳಗಿನ ನುಚ್ಚನ್ನು ಕೋಳಿ ಹೆಕ್ಕಿದಂತೆ ಬೆರಳು ತಾನೇ ಹೋಗಿ ಕೆಟ್ಟ ಕಾಳನ್ನು ಹಿಡಿಯುತ್ತಿತ್ತು.

ಅವಳನ್ನೂ ಸೇರಿಸಿ ಇಪ್ಪತ್ತು ಹೆಂಗಸರು. ಉಳಿದವರು ಇವತ್ತು ಕೈಕಟ್ಟಿ ಗೋಡೆಯುದ್ದಕ್ಕೆ ಕುಳಿತು ನೋಡುತ್ತಿದ್ದರು. ಅವಳ ಮಗ್ಗುಲಲ್ಲಿ ಗದಿಗೆವ್ವ.

“ಶಾಲಿ ಮೆಟ್ಟಲಾ ಹತ್ತಲಿಲ್ಲ, ಈಗ ಮಾಸ್ತರಾಗಿ ಕುಂತಿ ನೋಡ ಮೋತಿ,” ಎಂದಳು ಗದಿಗೆವ್ವ. “ಛಡಿ ತರಸಲೇನು?”

ಹೆಂಗಸರು ನಕ್ಕರು. ಆದರೆ ಆ ನಗೆ ಬೇಗ ಆರಿತು.

ವಖಾರಿಯ ಮಾಲೀಕ ದೇವೇಂದ್ರಪ್ಪನವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. “ನೀವು ಹಂಗ್ಯಾಕ ನೋಡತೀರಿ? ನಾ ಏನ ಹೌಸಿಗೆ ತಂದೀನೇನು ಇದನ್ನ? ಒಡಿಶಾ ಮಂದಿ ಇದ್ದಾಗ ಗದಗ ಪ್ಯಾಟ್ಯಾಗ ನನ್ನ ರೇಟಿಗೆ ಯಾರೂ ನಿಂದರತಿರಲಿಲ್ಲ. ಈ ವರ್ಷ ಅವರು ತಮಿಳನಾಡಿಗೆ ಹ್ವಾದ್ರು, ಅಲ್ಲಿ ಪಗಾರ ಜಾಸ್ತಿ ಅಂತ. ಅವರು ಹ್ವಾದ ಮರುದಿನಾನ ನೀವು ಮುನ್ನೂರೈವತ್ತು ಕೇಳಿದ್ರಿ.”

ಅದು ಖರೆ. ಮೂರು ಸುಗ್ಗಿಯಿಂದ ಹೊರಗಿನವರು ಬಂದು ಇದೇ ವಖಾರಿಯ ಹಿಂದೆ ತಗಡಿನ ಕೆಳಗೆ ಮಲಗಿ, ಕೊಟ್ಟಷ್ಟಕ್ಕೆ ದುಡಿದಿದ್ದರು. ಊರಿನ ಹೆಂಗಸರ ದಿನಗೂಲಿ ಇನ್ನೂರರಲ್ಲೇ ನಿಂತುಬಿಟ್ಟಿತ್ತು. ಗದಿಗೆವ್ವ ಅವರಿಗೆ ಶಾಪ ಹಾಕುತ್ತಿದ್ದಳು. ಮೋತಿಬಿಗೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಅವಳ ಮಗನೂ ಆಗ ಸೌದಿಯ ಖರ್ಜೂರದ ಕಾರ್ಖಾನೆಯಲ್ಲಿ ಹೀಗೆಯೇ ತಗಡಿನ ಕೆಳಗೆ ಮಲಗುತ್ತಿದ್ದ. ಅಲ್ಲಿಯೂ ಯಾರೋ ಒಬ್ಬ ಗದಿಗೆವ್ವ ಇರುತ್ತಾಳೆ.

ಇಜಾಜ ಸ್ಕ್ರೂ ಬಿಗಿಯುತ್ತ ಹೇಳಿದ: “ನಾವು ನಲವತ್ತ ಮಂದಿ ಇದ್ವಿರಿ. ನೇಪಾಳದವರು, ಬಾಂಗ್ಲಾದವರು, ನಾವು. ಆರ ವರ್ಷ ಬೆರಳಲೆ ಖರ್ಜೂರ ಆರಿಸಿದ್ವಿ. ಇಂಥಾ ಮಷೀನದ ಚಿತ್ರ ಇದ್ದ ಪುಸ್ತಕ ಮ್ಯಾನೇಜರನ ಮೇಜಿನ ಮ್ಯಾಲ ಧೂಳ ತಿನಕೋಂತ ಬಿದ್ದಿತ್ತು. ಮಂದಿ ಅಗ್ಗ ಸಿಗೂ ಮುಂದ ಅದನ್ನ ಯಾರ ತೆರೀತಾರ್ರಿ? ಅಲ್ಲಿ ಸರಕಾರ ಪರದೇಶದ ಮಂದಿ ಮ್ಯಾಲಿನ ತೆರಿಗಿ ಏರಿಸ್ತು ನೋಡ್ರಿ, ಪುಸ್ತಕ ತೆರೀತು.”

ದೇವೇಂದ್ರಪ್ಪನವರು ಗಡ್ಡ ಕೆರೆದುಕೊಂಡರು.

ಮೋತಿಬಿಯ ಬೆರಳುಗಳು ಓಡತೊಡಗಿದ್ದವು. ಎರಡೂ ಮೊರ ಅರ್ಧ ತುಂಬಿದ ಹೊತ್ತಿಗೆ ಗದಿಗೆವ್ವ ಬಾಗಿ ಕಿವಿಯಲ್ಲಿ ಉಸುರಿದಳು.

“ಒಂದ ಮುಷ್ಟಿ ಕೆಟ್ಟದ್ದ ತಗದು ಒಳ್ಳೇದರಾಗ ಒಗಿ. ಅದಕ್ಕೇನ ತಿಳೀತೈತಿ? ನಾಳೆ ತಪ್ಪ ಆರಿಸ್ತು ಅಂದ್ರ ಸಾವಕಾರ ತಾನ ಹೊರಗ ಒಗೀತಾನ. ಇಪ್ಪತ್ತ ಮನಿ ಒಲಿ ಉರೀತಾವ ಮೋತಿ.”

ಮೋತಿಬಿ ಗೋಡೆಯತ್ತ ನೋಡಿದಳು. ಹದಿನೆಂಟು ಜೊತೆ ಕಣ್ಣು. ಹಾಲು ಕುಡಿಯುವ ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಬಂದ ಮಂಜುಳಾ, ಕಣ್ಣಿಗೆ ಪೊರೆ ಬಂದ ರಮಜಾನಬಿ. ಯಂತ್ರದ ಹಿಂದೆ ಮಗನ ಬೆನ್ನು. ಇದು ಸರಿಯಾಗಿ ನಡೆದರೆ ಅವನಿಗೆ ಇಲ್ಲೇ ಕೆಲಸ. ನಡೆಯದಿದ್ದರೆ ಮತ್ತೆ ಏಜೆಂಟ, ಮತ್ತೆ ವಿಮಾನ.

ಅವಳ ಕೈ ಕೆಟ್ಟ ಕಾಳಿನ ಮೊರಕ್ಕೆ ಹೋಗಿ ಒಂದು ಮುಷ್ಟಿ ಎತ್ತಿತು. ಒಳ್ಳೆಯದರ ಮೇಲೆ ಬಂದು ನಿಂತಿತು.

ಮುಷ್ಟಿಯ ಸಂದಿಯಿಂದ ಹಸಿರು ಬೂಸಲಿನ ಕಮಟು ವಾಸನೆ ಮೂಗಿಗೆ ಬಡಿಯಿತು.

“ಆಗೂದಿಲ್ಲ ಅಕ್ಕಾ,” ಎಂದಳು ಮೋತಿಬಿ. “ಇದು ಯಾರದೋ ಕೂಸಿನ ಬಾಯಿಗೆ ಹೋಗ್ತೈತಿ.”

ಮುಷ್ಟಿ ಹಿಂದಕ್ಕೆ ಹೋಗಿ ಕೆಟ್ಟ ಕಾಳಿನ ಮೊರದಲ್ಲೇ ಬಿಚ್ಚಿಕೊಂಡಿತು. ಗದಿಗೆವ್ವ ಮುಖವನ್ನು ಆಚೆ ತಿರುಗಿಸಿದಳು.

ಇಜಾಜ ಎರಡೂ ಮೊರಗಳನ್ನು ಒಂದಾದ ಮೇಲೊಂದು ಯಂತ್ರಕ್ಕೆ ಸುರಿದು ತೋರಿಸಿದ. ಪರದೆಯ ಮೇಲೆ ಏನೇನೋ ಒತ್ತಿದ. ಆಮೇಲೆ ಆರಿಸದ ಒಂದು ಇಡೀ ಚೀಲವನ್ನು ಸುರುವಿದ.

ಯಂತ್ರ ಗುಂಯ್‌ಗುಟ್ಟಿತು. ಗಾಜಿನ ಹಿಂದೆ ಬೆಳ್ಳನೆಯ ಬೆಳಕು ಹತ್ತಿತು. ಮೇಲಿನಿಂದ ಕಾಳು ಪರದೆ ಬಿಟ್ಟಂತೆ ಇಳಿಯಿತು. ಇಳಿಯುತ್ತಿದ್ದಂತೆಯೇ, ಇನ್ನೂ ಗಾಳಿಯಲ್ಲಿರುವಾಗಲೇ, ಒಂದೊಂದು ಕಾಳು ಯಾರೋ ಊದಿದಂತೆ ಟಪ್ಪನೆ ಪಕ್ಕಕ್ಕೆ ಹಾರಿತು. ನೂರು ಹೋಗುವುದರಲ್ಲಿ ಒಂದು, ಸಾವಿರದಲ್ಲಿ ಹತ್ತು. ತಪ್ಪದೆ.

ಹೆಂಗಸರೆಲ್ಲ ತಮಗರಿವಿಲ್ಲದೆ ಎದ್ದು ನಿಂತಿದ್ದರು. ರಮಜಾನಬಿ “ಯಾ ಅಲ್ಲಾ” ಎಂದಳು. ಯಾರೋ “ಶಿವನೇ” ಎಂದರು. ಒಬ್ಬಳ ಇಡೀ ದಿನದ ಕೆಲಸ, ಒಲೆಯ ಮೇಲಿಟ್ಟ ಚಹಾ ಉಕ್ಕುವಷ್ಟು ಹೊತ್ತಿನಲ್ಲಿ ಚೀಲದಿಂದ ಚೀಲಕ್ಕೆ ಇಳಿದಿತ್ತು.

ಮೋತಿಬಿ ತೆಗೆದುಹಾಕಿದ ಕಾಳಿನೊಳಗೆ ಕೈಯಿಟ್ಟಳು. ಮುರುಟಿದ್ದು, ಒಡೆದದ್ದು, ಬೂಸಲಿನದು. ನಡುವೆ ಒಂದು ಕಾಳು ನೋಡಲು ಚೆನ್ನಾಗಿಯೇ ಇತ್ತು, ದುಂಡಗೆ. ಮೈಬಣ್ಣ ಮಾತ್ರ ಕೂದಲೆಳೆಯಷ್ಟು ಮಂಕು. ಬೇರೆ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಅವಳು ತೆಗೆಯುತ್ತಿದ್ದಳು. ಒಡೆದು ನೋಡಿದಳು. ಒಳಗೆ ಕಪ್ಪು.

ಅವಳ ಮೈ ಜುಮ್ಮೆಂದಿತು. ಕಬ್ಬಿಣದ ಆ ಪೆಟ್ಟಿಗೆಯೊಳಗೆ ತಾನೇ ಕುಳಿತು, ರೆಪ್ಪೆ ಬಡಿಯದೆ ನೋಡುತ್ತಿದ್ದಂತೆ.

“ನಿನ್ನ ಕಣ್ಣ, ಹೌದಲ್ಲ?” ಇಜಾಜ ಮಗ್ಗುಲಿಗೆ ಬಂದು ನಿಂತಿದ್ದ. ದನಿ ತಗ್ಗಿಸಿದ. “ಅಮ್ಮಾ, ಒಂದ ಮಾತ ನಿನಗ ಹೇಳಿರಲಿಲ್ಲ. ಅಲ್ಲಿ ಮಷೀನ ಬಂದಾಗ ನಲವತ್ತರಾಗ ಯಾರದು ಚೊಲೊ ಕೈ ಅಂತ ಕೇಳಿದ್ರು. ಎಲ್ಲಾರೂ ನನ್ನ ಮುಂದ ಮಾಡಿದ್ರು. ಸಣ್ಣಾಂವ ಇದ್ದಾಗ ನಿನ್ನ ಮಡಿಲಾಗ ಕುಂತು ಕಲತಿದ್ದಲ್ಲ, ಅದನ್ನ ಅದಕ್ಕ ಕಲಿಸಿದೆ. ಒಂದ ತಿಂಗಳಿಗೆ ನಾವೆಲ್ಲಾ ಕೆಲಸಾ ಹೋಗಿ ಗಂಟ ಕಟ್ಟಿದ್ವಿ. ಒಬ್ಬರೂ ನನಗೇನೂ ಅನಲಿಲ್ಲ. ಅದ ನನ್ನ ಎದಿಗೆ ಹತ್ತಿ ಕುಂತೈತಿ.”

ಎಲ್ಲಿಯ ಮುಳಗುಂದ, ಎಲ್ಲಿಯ ಆ ಮರಳು! ಅವಳ ಕಣ್ಣು ಅವಳಿಗೆ ಗೊತ್ತಾಗುವ ಮೊದಲೇ ಸಮುದ್ರ ದಾಟಿ, ಕಂಡರಿಯದ ನಾಡಿನಲ್ಲಿ ಈ ಹೊತ್ತಿಗೂ ಖರ್ಜೂರ ಆರಿಸುತ್ತಿತ್ತು. ಕಣ್ಣು ಕೊಟ್ಟ ದೇವರು ಅದನ್ನು ಎಲ್ಲಿಯವರೆಗೆ ಕಳಿಸುತ್ತಾನೆ! ಮೋತಿಬಿ ಮಗನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದೇವೇಂದ್ರಪ್ಪನವರು ಕುರ್ಚಿಯಿಂದೆದ್ದು ಬಂದರು. ಅವರ ಮುಖವೂ ಗುಡಿಯಿಂದ ಹೊರಬಂದವರಂತಿತ್ತು. “ಕಾಳ ಹಾಕಾಕ, ಕಟ್ಟಾಕ, ಕಡೀಕೊಮ್ಮೆ ನೋಡಾಕ ಎಂಟ ಮಂದಿ ಸಾಕು. ದಿನಕ್ಕ ಐದನೂರು ಕೊಡತೀನಿ, ಇಲ್ಲಂದ್ರ ಅವರೂ ಓಡಿ ಹೊಕ್ಕಾರ. ಮೋತಿಬಿ, ನಿನ್ನ ಕಣ್ಣ ಭಾರಿ ಖರೆ ಐತಿ. ಯಾರ ಎಂಟ ಅಂತ ನೀನ ಆರಿಸಿ ಹೇಳು.”

ಮೋತಿಬಿ ತಿರುಗಿದಳು. ಮಂಜುಳಾ ಜೋಳಿಗೆಯನ್ನು ಹಿಂದಕ್ಕೆ ಸರಿಸಿಕೊಂಡಳು. ರಮಜಾನಬಿ ಪೊರೆಗಣ್ಣನ್ನು ಕೆಳಗಿಳಿಸಿದಳು. ಗದಿಗೆವ್ವ ಮಾತ್ರ ನೆಟ್ಟಗೆ ನೋಡುತ್ತಿದ್ದಳು. ತಾನಾಗಿಯೇ ಓಡುವ ಮೋತಿಬಿಯ ಬೆರಳುಗಳು ಸೆರಗಿನೊಳಗೆ ಕದಲದೆ ನಿಂತಿದ್ದವು.

“ಅದು ನನಗ ಬರೂದಿಲ್ರಿ ಸಾವಕಾರ್ರ,” ಎಂದಳು. “ಇಪ್ಪತ್ತೂ ಮಂದಿ ಪಾಳಿ ಹಚ್ಚಿಕೊಂಡ ಬರ್ತೇವಿ. ದಿನಾ ಎಂಟ.”

“ಇಪ್ಪತ್ತ ಮಂದಿಗೆ ಕಲಿಸೂದರಾಗ ಸುಗ್ಗಿ ಮುಗೀತೈತಿ!”

“ದಿನಾ ಒಂದ ತಾಸ ನಾ ಕಲಿಸ್ತೀನ್ರಿ,” ಎಂದ ಇಜಾಜ. “ಅದಕ್ಕ ಪಗಾರ ಬ್ಯಾಡ.”

ದೇವೇಂದ್ರಪ್ಪನವರು ತಾಯಿಯನ್ನೂ ಮಗನನ್ನೂ ನೋಡಿದರು. “ಒಂದ ವಾರ,” ಎಂದರು. “ಒಂದ ಚೀಲ ಕೆಟ್ಟು ವಾಪಸ್ ಬಂತೋ, ಎಂಟ ಅಂದ್ರ ಎಂಟ.”

ಗದಿಗೆವ್ವ ಮೊದಲು ಮುಂದೆ ಬಂದಳು. ಯಂತ್ರದ ಮೈ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಇಜಾಜ ತೋರಿಸಿದ ಗುಂಡಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಒತ್ತಿದಳು. ಒಳಗಿನಿಂದ ಗಾಳಿ ಹೊರಟಿತು. ನೆಲದ ಮೇಲೆ, ಹೆಂಗಸರ ಸೀರೆಯ ನಿರಿಗೆಗಳಲ್ಲಿ ಅಂಟಿಕೊಂಡಿದ್ದ ಶೇಂಗಾದ ತೆಳು ಗುಲಾಬಿ ಸಿಪ್ಪೆಗಳು ಒಮ್ಮೆಲೇ ಮೇಲೆದ್ದವು. ಗವಾಕ್ಷಿಯ ಬಿಸಿಲಿನಲ್ಲಿ, ಇಳಿಯಲು ಮನಸ್ಸಿಲ್ಲದಂತೆ, ಅವರ ತಲೆಗಳ ಮೇಲೆ ತೇಲುತ್ತ ನಿಂತವು.