ಎರಡು ಬ್ರೇಕಿನ ಕಾರು

"ಎಲ್ಲಿಗೆ ಹೋಗ್ಬೇಕು ಹೇಳಿ ಅತ್ತಿಗೆ, ನಾನೇ ಬಿಡ್ತೀನಿ," ಎಂದ ಮೈದುನ, ಕಾರಿನ ಕೀಲಿಯನ್ನು ತೋರುಬೆರಳಿಗೆ ಸಿಕ್ಕಿಸಿ ಗರಗರ ತಿರುಗಿಸುತ್ತ.

ಮೂರು ತಿಂಗಳಿಂದ ಅವನದು ಇದೊಂದೇ ಮಾತು. ಅವಳ ಗಂಡ ತೀರಿಕೊಂಡ ದಿನ, ಬಸ್ ನಿಲ್ದಾಣದಿಂದ ನೆಂಟರನ್ನು ಕರೆತರಲೆಂದು ಅವನು ಒಯ್ದಿದ್ದ ಕಾರು. ನೆಂಟರು ಬಂದರು, ಅತ್ತರು, ಉಂಡರು, ಹೊರಟರು. ಕಾರು ಮಾತ್ರ ಅವನ ಮನೆ ಮುಂದೆಯೇ ನಿಂತಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ಮನೆ ಹೇಳುತ್ತಾರೆಯೇ! ಕೇಳಿದರೆ ಕೊಡುವುದಿಲ್ಲ ಎನ್ನುವ ಆಸಾಮಿಯೂ ಅಲ್ಲ. ಎರಡು ಕೀಲಿಯನ್ನೂ ತಾನೇ ಇಟ್ಟುಕೊಂಡು, ಎಲ್ಲಿಗೆ ಬಿಡಲಿ ಅನ್ನುವುದು. ಪೊಲೀಸ್ ಠಾಣೆಗೂ ಹೋಗಿಬಂದಿದ್ದಳು. ಅಲ್ಲಿದ್ದವನು ಕಾಗದಪತ್ರ ತಿರುವಿಹಾಕಿ, ನಿಮ್ಮ ಹೆಸರಲ್ಲೇ ಇದೆಯಲ್ಲ, ಮನೆ ವಿಷಯ ಮನೇಲೇ ಮುಗಿಸ್ಕೊಳ್ಳಿ ಎಂದಿದ್ದ.

"ನನ್ನನ್ನ ಎಲ್ಲಿಗೂ ಬಿಡೋದು ಬೇಡ ಕಣೋ. ನನಗೆ ಕಾರು ಬೇಕು. ಹನ್ನೊಂದಕ್ಕೆ ಮೂರು ಜನಕ್ಕೆ ಪರೀಕ್ಷೆ ಇದೆ."

ಅವಳು ಹದಿನಾಲ್ಕು ವರ್ಷದಿಂದ ಕಾರು ಕಲಿಸುವವಳು. ಕಲಿಯುವವರ ಪಕ್ಕ, ಎಡಗಡೆ ಸೀಟಿನಲ್ಲಿ ಅವಳ ಜಾಗ. ಅವಳ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಆ ಕಾರಿಲ್ಲದೆ ಈಗ ಅವಳ ಶಾಲೆ ನಡುಮನೆಯಲ್ಲಿ ನಡೆಯುತ್ತಿತ್ತು. ಮೂವರು ಹೆಂಗಸರು ಕುರ್ಚಿಯಲ್ಲಿ ಸಾಲಾಗಿ ಕೂತು, ಊಟದ ತಟ್ಟೆ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದರು. ಪಾಪ, ಯಾರೂ ನಗುತ್ತಿರಲಿಲ್ಲ. ಇವತ್ತು ಕಾರು ಸಿಗದಿದ್ದರೆ ಅವರು ಬೇರೆ ಕಡೆ ಸೇರುತ್ತಾರೆ, ಅಲ್ಲಿಗೆ ಅವಳ ಶಾಲೆಯೂ ಮುಗಿಯಿತು.

"ಅಣ್ಣ ಇದ್ದಿದ್ರೆ ನೀವು ಹೀಗೆ ಬಂದು ಕೇಳ್ತಿರ್ಲಿಲ್ಲ," ಎಂದ ಮೈದುನ. "ದಿನಾ ಬೆಳಿಗ್ಗೆ ಎದ್ದು ಇದನ್ನ ಒರೆಸ್ತಿದ್ದೋನು ಅವನು. ಈಗ ನಾನು ಒರೆಸ್ತಾ ಇದೀನಿ."

"ಒರೆಸಿದೋರಿಗೆಲ್ಲ ಕಾರು ಅನ್ನೋ ಹಾಗಿದ್ರೆ..." ಮಾತು ಪೂರ್ತಿ ಮಾಡುವ ಉಮೇದು ಅವಳಿಗಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಂಡ ಹೋದಾಗ ಅಳುವೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ವಸಡಿನ ಹಾಗೆ ಇಡೀ ಮೈ ಮರಗಟ್ಟಿತ್ತು.

"ಹತ್ತಿ, ಪರೀಕ್ಷೆ ಮೈದಾನಕ್ಕೇ ಬಿಡ್ತೀನಿ."

ಅವಳು ಹತ್ತಿ ಎಡಗಡೆ ಕೂತಳು. ಕಾರು ಫಳಫಳ ಹೊಳೆಯುತ್ತಿತ್ತು, ಅದನ್ನು ಇಲ್ಲ ಎನ್ನುವಂತಿಲ್ಲ. ಮೇಲಿದ್ದ ಶಾಲೆಯ ಬೋರ್ಡನ್ನು ಕಿತ್ತು ಹಿಂದಿನ ಸೀಟಿನಲ್ಲಿ ಮಲಗಿಸಿದ್ದ. ಅವಳ ಪೆಡಲ್‌ಗಳು ಮಾತ್ರ ಇದ್ದಲ್ಲೇ ಇದ್ದವು.

ಬೀದಿ ತಿರುಗುವಾಗ ನೋಡಿದಳು, ಅವನ ಎಡಗಾಲು ಕ್ಲಚ್ಚಿನ ಮೇಲೆಯೇ ಕೂತಿತ್ತು. ಅವನಿಗೆ ಕಲಿಸಿದವಳೂ ಅವಳೇ. ಆಗಿನ್ನೂ ಹತ್ತೊಂಬತ್ತರ ಹುಡುಗ, ದಡ್ಡನೇನಲ್ಲ. ಆದರೆ ಆ ಕಾಲೊಂದನ್ನು ಎತ್ತಿಸಲು ಒಂದು ವರ್ಷ ಹಿಡಿದಿತ್ತು.

"ಕ್ಲಚ್ ಮೇಲಿಂದ ಕಾಲು ತೆಗಿ," ಎಂದಳು.

ಅವನು ತೆಗೆದ. ಬೆನ್ನೂ ನೆಟ್ಟಗಾಯಿತು.

ಅವಳು ಯೋಚಿಸಿ ಆಡಿದ ಮಾತಾಗಿರಲಿಲ್ಲ. ಮುಂದಿನದೂ ಹಾಗೇ ಬಾಯಿಗೆ ಬಂತು, ಸಾವಿರ ಸಲ ಹೇಳಿ ಸವೆದ ದನಿಯಲ್ಲಿ. "ಕನ್ನಡಿ ನೋಡು." ನೋಡಿದ. "ಎಡಕ್ಕೆ ಸಿಗ್ನಲ್ ಹಾಕು. ನಿಧಾನ. ಗೋಡೆ ಪಕ್ಕಕ್ಕೆ ತಗೋ. ನಿಲ್ಸು. ನ್ಯೂಟ್ರಲ್. ಹ್ಯಾಂಡ್ ಬ್ರೇಕ್. ಆಫ್ ಮಾಡು."

ಅವಳು ಅಂಗೈ ಚಾಚಿದಳು. ಅವನು ಕೀಲಿ ತೆಗೆದು ಅದರಲ್ಲಿಟ್ಟ.

ಅವಳ ಶಾಲೆಯ ಕಾನೂನು ಅದು. ಹಿಂದೆ ಯಾವನೋ ಒಬ್ಬ ಪಾಠ ಮುಗಿಸಿ, ಕೀಲಿ ಜೇಬಿಗಿಳಿಸಿಕೊಂಡು ಊರಿಗೇ ಹೋಗಿಬಿಟ್ಟಿದ್ದ. ಅಂದಿನಿಂದ ಕೀಲಿ ಅವಳ ಕೈಗೆ ಬೀಳುವ ತನಕ ಯಾರ ಪಾಠವೂ ಮುಗಿಯುತ್ತಿರಲಿಲ್ಲ.

ಮೈದುನ ತನ್ನ ಖಾಲಿ ಕೈಯನ್ನು ನೋಡಿದ, ಅವಳ ಮುಚ್ಚಿದ ಮುಷ್ಟಿಯನ್ನು ನೋಡಿದ. "ಅತ್ತಿಗೆ, ಇದು ಮೋಸ."

"ಪಾಠ ಮುಗೀತು. ಇಳಿ."

ಕಸಿದುಕೊಳ್ಳಬಹುದಿತ್ತು. ಕಸಿಯಲಿಲ್ಲ, ಇಳಿದ. ಅವಳು ಸುತ್ತಿಬಂದು ಬಲಗಡೆ ಕೂತು, ಅವನ ಉದ್ದ ಕಾಲಿಗೆಂದು ಹಿಂದೆ ಸರಿಸಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಅವನು ಕಿಟಕಿಗೆ ಬಗ್ಗಿದ.

"ಇದೂ ಹೋದ್ರೆ ಅಣ್ಣಂದು ಅಂತ ನನ್ನ ಹತ್ರ ಏನೂ ಇರಲ್ಲ ಅತ್ತಿಗೆ."

ಮನಸ್ಸಿಗೆ ನಾಟಬೇಕಾದ ಮಾತು. ಅವಳು ಕಾದಳು; ನಾಟಲಿಲ್ಲ. ತನ್ನ ಹತ್ತಿರ ಏನಿದೆ ಎಂದು ಕೇಳೋಣ ಎನಿಸಿತು, ಅದೂ ಅಲ್ಲಿಗೇ ನಿಂತಿತು.

"ಎಲ್ಲಿಗೆ ಹೋಗ್ಬೇಕು ಹೇಳು," ಎಂದಳು, "ನಾನೇ ಬಿಡ್ತೀನಿ."

ಅವನು ಎಡಗಡೆ ಬಂದು ಕೂತ. ಎಲ್ಲಿಗೆ ಎಂದು ಅವನು ಹೇಳುವ ಮುಂಚೆಯೇ ಅವಳು ಕಾರು ಹೊರಡಿಸಿದಳು. ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದವು. ಕೀಲಿ ಸಿಕ್ಕಿತು, ಕಾರು ಸಿಕ್ಕಿತು, ಹನ್ನೊಂದಕ್ಕೆ ಇನ್ನೂ ಹೊತ್ತಿದೆ, ಈಗ ಖುಷಿಯಾಗಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ದೊಡ್ಡ ರಸ್ತೆ ಬಂತು. ಬಂದದ್ದು ಗೊತ್ತಿತ್ತು, ಅಷ್ಟೇ.

ಕಾರು ತಾನಾಗಿಯೇ ಗಕ್ಕನೆ ನಿಂತಿತು. ಎಂಜಿನ್ ನಡುಗಿ ಆಫಾಯಿತು. ಗೇಣು ದೂರದಲ್ಲಿ ಒಬ್ಬ ಮುದುಕ, ಕೈಚೀಲವನ್ನು ಎದೆಗೆ ಅವುಚಿಕೊಂಡು, ರಸ್ತೆ ದಾಟುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಅವಳು ತನ್ನ ಪಾದ ನೋಡಿಕೊಂಡಳು. ಅದು ಇನ್ನೂ ಆಕ್ಸಿಲರೇಟರ್ ಮೇಲೆಯೇ ಇತ್ತು. ಎಡಕ್ಕೆ ನೋಡಿದಳು. ಮೈದುನ ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದು, ಅವಳ ಬ್ರೇಕನ್ನು ತಳಮುಟ್ಟ ಒತ್ತಿ ಕೂತಿದ್ದ.

"ಕೆಂಪು ದೀಪ, ಅತ್ತಿಗೆ," ಎಂದ ಮೆಲ್ಲಗೆ.

ಅವಳು ತಲೆಯೆತ್ತಿದಳು. ಹೌದು, ಕೆಂಪಿತ್ತು. ಮುದುಕ ದಾಟಿಹೋದ. ಅವಳು ಆಕ್ಸಿಲರೇಟರ್ ಮೇಲಿಂದ ಪಾದ ಎತ್ತಿ ಪಕ್ಕಕ್ಕಿಟ್ಟಳು. ದೀಪ ಹಸಿರಾಯಿತು, ಹಿಂದಿನವರು ಹಾರ್ನ್ ಮಾಡಲು ಶುರುಮಾಡಿದರು. ಅವನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ತೆಗಿ ಎಂದು ಅವಳೂ ಹೇಳಲಿಲ್ಲ.