ರೊಮ್ಮೆಲಪ್ಪನ ಗಂಟೆ

"ಗಟ್ಟಿಗೆ ಹಿಡ್ಕಳವ್ವ, ಗುದ್ದೀತು" ಎನ್ನುತ್ತ ಯರ್ರೆಪ್ಪ ಮುದಿ ಟಗರಿನ ಕೊರಳಿಂದ ಗಂಟೆ ಬಿಚ್ಚಿದ. ಮೊಮ್ಮಗಳು ಚಂದನಾ ಹೊಸ ಟಗರಿನ ಕೊಂಬು ಹಿಡಿದು ನಿಂತಿದ್ದಳು. ಹಾಲಹರವಿಯ ಈ ಹಟ್ಟಿಯಲ್ಲಿ ಹಿಂಡಿನ ಮುಂದೆ ನಡೆಯುವ ಟಗರು ಯಾವುದೇ ಇರಲಿ, ಅದರ ಹೆಸರು ರೊಮ್ಮೆಲಪ್ಪ. ಗಂಟೆ ಕಟ್ಟುವಾಗ ಯಜಮಾನ ಅದರ ಕಿವಿಯಲ್ಲಿ ಹೆಸರು ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ಬದಲಿಸುವಂತಿಲ್ಲ.

ಆ ಹೆಸರು ತಂದವನು ಯರ್ರೆಪ್ಪನ ಅಪ್ಪ ಮೂಕಪ್ಪ. ಬ್ರಿಟಿಷರ ದಂಡು ಸೇರಿ ಆಫ್ರಿಕಾದ ಮರಳಲ್ಲಿ ನೆಲಬಾಂಬು ಕೀಳುತ್ತಿದ್ದವನು. ಎದುರಿಗಿದ್ದ ಜರ್ಮನ್ ದಂಡಿನ ನಾಯಕ ರೊಮ್ಮೆಲ್. ಮರುಭೂಮಿಯ ನರಿ ಅಂತ ಶತ್ರುಗಳೇ ಅವನನ್ನು ಹೊಗಳುತ್ತಿದ್ದರಂತೆ. ನರಿಯ ಹೆಸರಿದ್ದರೆ ನರಿ ಹಿಂಡಿನ ಹತ್ತಿರ ಸುಳಿಯಲ್ಲ ಎಂಬುದು ಮೂಕಪ್ಪನ ಲೆಕ್ಕ. ಕುರಿಗೆ ನರಿಯ ಹೆಸರಿಟ್ಟ ಪುಣ್ಯಾತ್ಮ ಈ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಕಟ್ಟೆಯ ಮೇಲೆ ಯುದ್ಧದ ಕಥೆ ಹಿಡಿದು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ, ಸೊಸೆ, ಯರ್ರೆಪ್ಪನ ಹೆಂಡತಿ ಲಿಂಗಕ್ಕನೇ ಬಾಗಿಲಲ್ಲಿ ನಿಂತು ಕರೆಯಬೇಕಿತ್ತು. ಅವನದೊಂದು ಫೋಟೋ ಕೂಡ ಮನೆಯಲ್ಲಿಲ್ಲ. ಯರ್ರೆಪ್ಪನ ಪಾಲಿಗೆ ಅಪ್ಪನ ಗುರುತೆಂದು ಉಳಿದದ್ದು ಆ ಹೆಸರೊಂದೇ.

"ತಾತ, ಆ ಹೆಸರು ಬ್ಯಾಡ" ಎಂದಳು ಚಂದನಾ. ಆದೋನಿಯ ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದಳು.

"ಯಾಕವ್ವ? ಆತ ಏನ್ ಮಾಡ್ಯಾನ?"

"ಹಿಟ್ಲರನ ಕಡಿಗಿದ್ದು ಯುದ್ಧ ಮಾಡ್ಯಾನ. ಕಡೀಕ ಆ ಹಿಟ್ಲರೇ ಅವಗ ವಿಷ ತಗೊಳ್ಳೋ ಹಂಗ ಮಾಡಿದ. ಅದಕ್ಕ ಒಳ್ಳೇ ಮನಷ್ಯಾ ಅಂತ ಆಮ್ಯಾಲ ಎಲ್ಲಾರೂ ಕಥಿ ಕಟ್ಟಿದ್ರು. ಈಗ ಅವರ ದೇಶದಾಗೇ ಜಗಳ ನಡದೈತಿ. ಅವನ ಊರಾಗ ಅವನ ಹೆಸರಿಲೆ ಒಂದು ಕಲ್ಲು ಐತಿ. ಅದರ ಮುಂದ ಈಗ ಒಂದು ಕಾಲಿಲ್ಲದ ಮನಷ್ಯಾನ ಗೊಂಬಿ ನಿಲ್ಸ್ಯಾರ."

"ಅವನ್ಯಾರು?"

"ಬಾಂಬು ತುಳಿದಾವ. ಆಫ್ರಿಕಾದ ಮರಳಾಗ ಎರಡೂ ಕಡಿಯವ್ರು ಹೂತಿದ್ದು ತಾತ, ಎಲ್ಲಾ ತೆಗದಿಲ್ಲ. ಅಲ್ಲಿ ಕುರಿ ಕಾಯೋರು ಇವತ್ತಿಗೂ ತುಳಿತಾರ."

ಯರ್ರೆಪ್ಪನ ಕೈ ನಿಂತಿತು. "ಕುರಿ ಕಾಯೋರಾ?" ಎಂದ. ಕುರಿಯ ಹಿಂದೆ ಹೋಗುವವನು ಕುರಿ ನೋಡುತ್ತಾನೆ, ಕಾಲ ಕೆಳಗಿನ ನೆಲ ನೋಡುವುದಿಲ್ಲ. ಹಾಗಂತ ಅಪ್ಪನನ್ನು ಬಿಟ್ಟುಕೊಡಲಾದೀತೆ?

"ನಮ್ಮಪ್ಪ ಕಿತ್ತಿದ್ದು ಸಾಲಲಿಲ್ಲೇನವ್ವ ಹಂಗಾರ?"

"ಮುತ್ತಾತ ಕಿತ್ತಿದ್ದಕ್ಕ ಎಷ್ಟು ಮಂದಿ ಕಾಲು ಉಳದಾವೋ, ಯಾರಿಗ್ಗೊತ್ತು" ಎಂದಳು ಚಂದನಾ, ಮೆತ್ತಗೆ.

ಯರ್ರೆಪ್ಪ ಗಂಟೆಯನ್ನು ಟವೆಲ್ಲಿನಲ್ಲಿ ಒರೆಸಿದ, ಮತ್ತೊಮ್ಮೆ ಒರೆಸಿದ. ಆಮೇಲೆ ಹೊಸ ಟಗರಿನ ಕೊರಳಿಗೆ ಕಟ್ಟಿ ಕಿವಿಯ ಹತ್ತಿರ ಬಾಗಿದ. "ಮೂಕಪ್ಪ" ಎಂದ.

ಟಗರಿನ ಹಣೆಗೆ ಹಚ್ಚಲು ಅರಿಶಿನ ಭಂಡಾರದ ಬಟ್ಟಲು ಹಿಡಿದು ಬಂದ ಲಿಂಗಕ್ಕ ಅಲ್ಲೇ ನಿಂತುಬಿಟ್ಟಳು. "ಏನ್ ಮಾಡಿದ್ರಿ ನೀವು? ಸಂಜಿಗೆ ಇದನ್ನ ಕರೆಯಾಕಿ ನಾನು. ಮಾವನ ಹೆಸರು ಹಿಡಿದು ಕರೀಲೇನು? ಲಗ್ನ ಆದಾಗಿಂದ ಒಂದಿನ ಬಾಯಾಗ ತಂದಿಲ್ಲ."

"ಹೇಳಿ ಆತು. ಇನ್ನ ಬದಲ್ಸಂಗಿಲ್ಲ" ಎಂದ ಯರ್ರೆಪ್ಪ. ಚಂದನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಲಿಂಗಕ್ಕ ಮಾತ್ರ ಗಂಡನತ್ತ ತಿರುಗದೆ ಟಗರಿನ ಹಣೆಗೆ ಭಂಡಾರ ಬಳಿದು ಒಳಗೆ ನಡೆದಳು.

ಸಂಜೆ ಹಿಂಡು ಬಂದು ಜಾಲಿಗಿಡಗಳ ಹತ್ತಿರ ನಿಂತಿತು. ಹೊಸ ಟಗರು ಕದಲಲೊಲ್ಲದು, ಅದರ ಹಿಂದಿನ ಕುರಿಗಳೂ ಕದಲಲೊಲ್ಲವು. ಲಿಂಗಕ್ಕ ಹಟ್ಟಿಯ ಬಾಗಿಲಿಗೆ ಬಂದಳು. ಬಾಯಿ ತೆರೆದಳು, ಮುಚ್ಚಿದಳು. ಗಂಡನ ಕಡೆ ಕಣ್ಣು ಕೆಕ್ಕರಿಸಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮಾವಾ, ಬರ್ರಿ ಮಾವಾ. ಹೊತ್ತಾತು."

ಜಾಲಿಗಳ ಕಡೆಯಿಂದ ಗಂಟೆಯ ಸದ್ದು ಬರತೊಡಗಿತು.